ಮೈಲುತುತ್ತ

ಮೈದಾ ಕುದಿಯುವಾಗ ಒಂದು ಚಿಟಿಕೆ ಮೈಲುತುತ್ತ ಹಾಕಬೇಕು,
ಹುಳ ಬರಲ್ಲ, ಎಂದರು ದಸ್ತಗೀರ್ ಸಾಬರು.
ಪೆನ್ಷನ್ ಮೊಹಲ್ಲಾದ ಆ ಅಂಗಡಿಯಲ್ಲಿ ಇದ್ದದ್ದು ಒಂದೇ ಸ್ಟೂಲು,
ಅದರ ಮೇಲೂ ಯಾವುದೋ ಕಚೇರಿಯ ದಫ್ತರಗಳು.
ನಾನು ನಿಂತೇ ಇದ್ದೆ,
ಮೂರು ವರ್ಷದ ವೋಚರುಗಳನ್ನು ಎದೆಗವಚಿಕೊಂಡು.

ಬಿಡಿ ಹಾಳೆ ಬೇಡ, ಬೈಂಡ್ ಮಾಡಿಸಿ ತನ್ನಿ,
ಎಂದಿದ್ದರು ಆಡಿಟ್‌ನವರು.
ಶಾಮಿಯಾನ, ಮೈಕ್‌ಸೆಟ್ಟು, ಜನರೇಟರಿನ ಡೀಸೆಲ್ಲು,
ಮೃದಂಗದವರ ಬಸ್ ಚಾರ್ಜು,
ಶಾಲು ಹದಿನಾಲ್ಕು, ಏಲಕ್ಕಿ ಹಾರ ಎರಡು
(ಎರಡನೆಯದು ಬಾರದೆ ಹೋದ ಅಧ್ಯಕ್ಷರದು;
ನಮ್ಮನೆ ಮೊಳೆಯಲ್ಲಿ ವರ್ಷವಿಡೀ ಘಮಘಮಿಸಿತು).

ಕುಣಿತ ಬಿಟ್ಟೆ ಅಂತಲ್ಲ.
ಹಾಲ್ ಬುಕ್ ಮಾಡಲು ಯಾರೋ ಒಬ್ಬರು ಬೇಕಿತ್ತು,
ನನ್ನ ಅಕ್ಷರ ದುಂಡಗಿತ್ತು, ಸ್ಕೂಟರಿತ್ತು.
ಎಡಮಂಡಿಯೂ ಆಗಲೇ ಮೆಟ್ಟಿಲಿಗೆ ತಕರಾರು ತೆಗೆಯುತ್ತಿತ್ತು;
ಸರಸ್ವತಿಪುರಂನ ಕಾರ್ ಶೆಡ್ಡಿನಲ್ಲಿ
ಕೂರು, ಇನ್ನೂ ಕೂರು, ಎಂದು ಕೋಲು ಕುಟ್ಟುತ್ತಿದ್ದ
ಇಂದುಮತಿ ಮಿಸ್ಸಿನ ಸಾಲ
ಅದೊಂದೇ ತೀರಿಸುತ್ತಿದ್ದ ಹಾಗೆ.

ಹೀಗೆ ಹನ್ನೊಂದು ವರ್ಷ.
ಕೊನೆಯ ಸಲ ಸೈಡ್ ವಿಂಗಿನಲ್ಲಿ ಟಾರ್ಚು ಹಿಡಿದು
ನೀರಿನ ಬಾಟಲು ಎಣಿಸುತ್ತಿದ್ದೆ.
ಅರಸೀಕೆರೆಯ ಹುಡುಗಿ, ವರ್ಣ ಮುಗಿಸಿ, ಬೆವರೊರೆಸದೆ ನೇರ ಬಂದು
ಹೇಗಿತ್ತು ಮೇಡಂ, ಎಂದಳು.
ತುಂಬಾ ಚೆನ್ನಾಗಿತ್ತು, ಎಂದೆ.
ನೋಡಿರಲಿಲ್ಲ.

ಸಾಬರು ನನ್ನ ವೋಚರುಗಳನ್ನು ಮೇಜಿಗೆ ತಟ್ಟಿದರು.
ತಕ್. ತಿರುಗಿಸಿ, ತಕ್.
ಅಂಚು ಸರಿಹೋಯಿತು. ದಬ್ಬಳದಲ್ಲಿ ಮೂರು ತೂತು.
ಮೇಣ ಸವರಿದ ದಾರ ಎಳೆಯುವಾಗ
ಹೆಬ್ಬೆರಳು, ತೋರು, ನಡು ಸೇರಿ
ಉಳಿದೆರಡು ಬೆರಳು ಮೇಲಕ್ಕೆ. ಕಟಕಾಮುಖ.
ಅವರಿಗೆ ಆ ಹೆಸರು ಗೊತ್ತಿಲ್ಲ,
ಯಾರೋ ನೋಡುತ್ತಿದ್ದಾರೆಂಬ ಗುಮಾನಿಯೂ ಇಲ್ಲ.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಒಂದು ಕೈಯನ್ನು ಪೂರ್ತಿ ನೋಡಿದೆ.

ನಾಳೆ ಬನ್ನಿ, ಎಂದರು. ಹೋದೆ.
ನಾಡಿದ್ದು ಕೆಲಸವೇನೂ ಇರಲಿಲ್ಲ, ಆದರೂ ಹೋದೆ.
(ಆಡಿಟ್‌ನವರು ಪುಸ್ತಕದ ಬೆನ್ನು ನೋಡಿ ಸಹಿ ಹಾಕಿದರಂತೆ,
ತೆರೆಯಲೇ ಇಲ್ಲ.)

ಕಾಗದಕ್ಕೂ ಒಂದು ದಿಕ್ಕಿರುತ್ತೆ ಅಮ್ಮಾ,
ಅದು ಬಗ್ಗೋ ಕಡೆಗೇ ಬಗ್ಗಿಸು.
ಈ ಮಾತನ್ನು ಆ ಕಾರ್ ಶೆಡ್ಡಿನಲ್ಲಿ ಯಾರೂ ಹೇಳಲಿಲ್ಲ.
ನನ್ನ ಮೊದಲ ಪುಸ್ತಕ ಸೊಟ್ಟ. ಎರಡನೆಯದು ಇನ್ನೂ ಸೊಟ್ಟ.
ಉಗುರ ಸಂದಿಯಲ್ಲಿ ನೀಲಿ ನಿಂತಿತು,
ಊಟಕ್ಕೆ ಮುಂಚೆ ಚೆನ್ನಾಗಿ ತೊಳ್ಕೊ, ವಿಷ, ಎಂದು ಗದರಿದರು.

ಹಳೆಯ ಆರಣಿ ರೇಷ್ಮೆಯ ಬೀಸಣಿಗೆ ಬಿಚ್ಚಿದೆ.
ಎಷ್ಟು ಇಸ್ತ್ರಿ ಹಾಕಿದರೂ ನಿರಿಗೆ ಹೋಗಲಿಲ್ಲ;
ಸರಿ, ಎಂದು ಅದರ ದಾರಿಗೇ ಬಿಟ್ಟು
ನಿರಿಗೆಯಂತೆ ಮಡಿಚುವ ಪುಸ್ತಕ ಮಾಡಿದೆ,
ಒಳರಟ್ಟಿಗೆ ಕಂಕುಳ ಬೆವರಿನ ಉಪ್ಪುಗೆರೆಯಿದ್ದ ತುಂಡು.
ಗೆಜ್ಜೆ ಈಗ ಫ್ಯಾನ್ ಗಾಳಿಗೆ ಹಾಳೆ ಹಾರದ ಹಾಗೆ ಕೂತಿದೆ,
ಎತ್ತಿಟ್ಟಾಗಲೆಲ್ಲ ಎದುರು ಮನೆಯ ಕೂಸು ಬಾಗಿಲಿಗೆ ಬರುತ್ತದೆ.

ಮಂಡಿ ಎಂದರೆ ಈಗ ನನಗೆ ಆಲೂಗಡ್ಡೆ ಮಂಡಿ:
ಕಟ್ಟಿನಕೆರೆ ಮಾರ್ಕೆಟ್ಟಿನ ಯೋಗನರಸಯ್ಯ
ಲೆಕ್ಕದ ಪುಸ್ತಕ ಹೊಲಿಸಲು ಬಂದವರು
ಮೊನ್ನೆ ಇದನ್ನು ಕೈಗೆತ್ತಿಕೊಂಡರು.
ಒಳಗೇನೂ ಬರ್ದಿಲ್ವಲ್ಲ?
ಇಲ್ಲ.
ಮತ್ತೆ ಇಷ್ಟು ರೇಟು?
ಎನ್ನುತ್ತಲೇ ಬಿಚ್ಚಿದರು, ಬಿಚ್ಚುತ್ತಲೇ ಹೋದರು,
ಒಂದು ಅಂಗೈಯಿಂದ ಇನ್ನೊಂದು ಅಂಗೈವರೆಗೆ,
ತೋಳು ಎರಡೂ ಕಡೆ ಚಾಚಿ,
ಶರ್ಟಿಗೆ ಮಣ್ಣು ಮೆತ್ತಿದ ಆ ದಪ್ಪ ಮನುಷ್ಯ
ನನ್ನ ಅಂಗಡಿಯ ನಡುವೆ ನಾಟ್ಯಾರಂಭದಲ್ಲಿ ನಿಂತಿದ್ದರು.

ಮೊಣಕೈ ಮೇಲೆತ್ತಿ, ಎಂದೆ, ಬಾಯಿ ತಪ್ಪಿ.
ಪುಸ್ತಕ ನೆಲಕ್ಕೆ ತಾಗುತ್ತೆ, ಎಂದು ಆಮೇಲೆ ಸೇರಿಸಿದೆ.